ಅಕ್ಕನ ಎರಡನೆಯ ದನಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರ ಮಣ್ಣಿಗೆ ಹೋಗಿದ್ದೆ. ತೀರಿಕೊಂಡವರ ಮಗ, ಹದಿನೈದೋ ಹದಿನಾರೋ ವಯಸ್ಸಿನ ಹುಡುಗ, ಪೆಟ್ಟಿಗೆಯ ಪಕ್ಕ ನಿಂತು ಅಳುತ್ತಿದ್ದ. ದನಿ ಇರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಹಿರಿಯರೊಬ್ಬರು ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟು, ‘ಅಳಬಾರದಪಾ. ನಾವು ವಿಶ್ವಾಸಿಗಳು. ನಮಗ ನಿರೀಕ್ಷೆ ಐತಿ’ ಅಂದರು. ಪ್ರೀತಿಯಿಂದಲೇ ಅಂದರು, ಅದರಲ್ಲಿ ಎರಡು ಮಾತಿಲ್ಲ. ಹುಡುಗ ತಲೆಯಾಡಿಸಿ ಅಳು ನುಂಗಿದ. ನುಂಗಿದ್ದು ಅವನ ಗಂಟಲಿನಲ್ಲಿ ಕಾಣಿಸಿತು.

ಆರು ವರ್ಷದ ಹಿಂದೆ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನನ್ನ ಅಕ್ಕನ ಮಣ್ಣಿನ ದಿನ ನನಗೂ ಇದೇ ಮಾತು ಹೇಳಿದ್ದರು. ನಾನೂ ಹಾಗೇ ನುಂಗಿದ್ದೆ. ಆವತ್ತು ನುಂಗಿದ್ದು ಹೊರಗೆ ಬರಲು ಸುಮಾರು ಒಂದು ವರ್ಷ ಬೇಕಾಯಿತು. ಆ ಹುಡುಗನಿಗೆ ಏನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಅದನ್ನೇ ಯೋಚಿಸುತ್ತಿದ್ದೆ. ಏನು ಹೇಳಬೇಕಿತ್ತು? ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ ಅದು. ಅಕ್ಕನಿಂದ ಶುರು ಮಾಡಬೇಕು. ಅಕ್ಕನ ಹಾಡಿನಿಂದ.

ಒಂದು ರೊಟ್ಟಿಗೆ ಒಂದು ಚರಣ

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ದವಾಖಾನೆಯಲ್ಲಿ ನರ್ಸ್, ಪಾಳಿಯ ಕೆಲಸ. ಓಣಿಯೆಲ್ಲ ಅವ್ವನನ್ನು ಸಿಸ್ಟರ್ ಅಂತಲೇ ಕರೆಯುತ್ತಿತ್ತು. ಹಾಗಾಗಿ ನನ್ನ ಪಾಲಿಗೆ ಸಿಸ್ಟರ್ ಅಂದರೆ ಅವ್ವ, ಅಕ್ಕ ಅಂದರೆ ಮನೆ. ಬೆಳಗಿನ ಪಾಳಿ ಇದ್ದ ದಿನ ಅವ್ವ ಕತ್ತಲಲ್ಲೇ ಹೊರಡುತ್ತಿದ್ದಳು. ರೊಟ್ಟಿ ಅಕ್ಕನ ಪಾಲಿಗೆ. ನಾನು ಎದ್ದು ಕಣ್ಣುಜ್ಜುತ್ತಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ಮೊದಲು ಕೇಳುತ್ತಿದ್ದದ್ದು ರೊಟ್ಟಿ ಬಡಿಯುವ ಸದ್ದು, ಆಮೇಲೆ ಅದರ ಮೇಲೆ ಅಕ್ಕನ ಹಾಡು.

ಹಾಡು ಅಂದರೆ ಚರ್ಚಿನ ಹಾಡು. ನಮ್ಮ ಕಡೆಯ ಹಳೆಯ ಸಭೆಗಳಲ್ಲಿ ಬೆಳೆದವರಿಗೆ ಗೊತ್ತು, ಮಾತು ಕನ್ನಡ, ರಾಗ ಜರ್ಮನ್. ಬಾಸೆಲ್ ಮಿಷನ್ ಅನ್ನುವ ಜರ್ಮನ್ ಮಾತಿನ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದಾಗ ಈ ರಾಗಗಳನ್ನೂ ತಂದರು. ಅವರಲ್ಲಿ ಕಿಟೆಲ್ ಅಂಥವರು ನಮ್ಮ ಛಂದಸ್ಸು ಕಲಿತು ಯೇಸುವಿನ ಕಥೆಯನ್ನು ಕನ್ನಡದ ಮಟ್ಟುಗಳಲ್ಲೇ ಬರೆದರು. ಆದರೆ ಭಾನುವಾರದ ಆರಾಧನೆಯಲ್ಲಿ ಉಳಿದದ್ದು ಜಾಸ್ತಿ ಈ ನಿಧಾನದ ಜರ್ಮನ್ ರಾಗಗಳೇ. ನಾಲ್ಕು ದನಿಯಲ್ಲಿ ಹಾಡುವ ಹಾಡುಗಳು. ಸೊಪ್ರಾನೊ ಹಾಡಿನ ರಾಗ ಹಿಡಿಯುತ್ತದೆ. ಅದರ ಕೆಳಗೆ ಆಲ್ಟೊ, ಅದರ ಕೆಳಗೆ ಟೆನರ್, ತಳದಲ್ಲಿ ಬೇಸ್. ಪ್ರತಿ ಸಾಲಿನ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು, ಒಟ್ಟಿಗೆ ಉಸಿರು ತಗೊಂಡು, ಮುಂದಿನ ಸಾಲಿಗೆ ಹೋಗುತ್ತಾರೆ.

ಅಕ್ಕನದು ಆಲ್ಟೊ. ಮನೆಯಲ್ಲಿ ಒಬ್ಬಳೇ ಹಾಡುವಾಗಲೂ ಆಲ್ಟೊವನ್ನೇ ಹಾಡುತ್ತಿದ್ದಳು. ಅದು ಮೇಲೆ ಏರುವುದೂ ಕಡಿಮೆ, ಕೆಳಗೆ ಇಳಿಯುವುದೂ ಕಡಿಮೆ. ಒಂದೆರಡು ಸ್ವರದ ನಡುವೆಯೇ ಓಡಾಡಿಕೊಂಡು ಇರುತ್ತದೆ. ಒಂದನ್ನೇ ಕೇಳಿದರೆ ಹಾಡು ಅಂತ ಅನಿಸುವುದೇ ಇಲ್ಲ. ನನಗೆ ಮಾತ್ರ ಅದೇ ಹಾಡು. ಭಾನುವಾರ ಚರ್ಚಿನಲ್ಲಿ ಬೇರೆಯವರು ಹಾಡುವ ರಾಗ ಕೇಳಿ ಇವರೆಲ್ಲ ಯಾಕೆ ತಪ್ಪು ಹಾಡುತ್ತಾರೆ ಅಂತ ಆರೇಳು ವರ್ಷದವನಾಗಿದ್ದಾಗ ಅಂದುಕೊಳ್ಳುತ್ತಿದ್ದೆ.

ಅವಳ ಲೆಕ್ಕ ಒಂದು ರೊಟ್ಟಿಗೆ ಒಂದು ಚರಣ. ನಾಲ್ಕು ಸಾಲಿನ ಒಂದು ಹಾಡು ಅವಳಿಗೆ ಬಹಳ ಇಷ್ಟ, ಅದು ರೊಟ್ಟಿಗೆ ಸರಿಯಾಗಿ ಹೊಂದುತ್ತಿತ್ತು. ಮೊದಲ ಎರಡು ಸಾಲು ಬಡಿಯುವುದು. ಎರಡೂ ಅಂಗೈಯಲ್ಲಿ ಹಿಟ್ಟನ್ನು ತಿರುಗಿಸುತ್ತಾ ಬಡಿಯುತ್ತಿದ್ದಳು, ಪ್ರತಿ ಪೆಟ್ಟಿಗೆ ರೊಟ್ಟಿ ಸ್ವಲ್ಪ ಸ್ವಲ್ಪ ಅಗಲವಾಗುತ್ತಿತ್ತು. ಎರಡನೆಯ ಸಾಲು ಮುಗಿದು ಉಸಿರು ತಗೊಳ್ಳುವ ಜಾಗದಲ್ಲಿ ರೊಟ್ಟಿ ಅಂಗೈ ಮೇಲೆ ಏರಿ ಹಂಚಿನ ಮೇಲೆ ಇಳಿಯುತ್ತಿತ್ತು. ಮೂರನೆಯ ಸಾಲು ನೀರು ಸವರುವುದು. ಒದ್ದೆ ಬಟ್ಟೆಯನ್ನು ರೊಟ್ಟಿಯ ಅಂಚಿನಿಂದ ಶುರು ಮಾಡಿ ಸುತ್ತಾ ಎಳೆಯಬೇಕು. ಎಲ್ಲಾದರೂ ಒಣಗಿದ ಜಾಗ ಬಿಟ್ಟರೆ ಅಲ್ಲಿ ಬಿರಿಯುತ್ತದೆ. ಹಾಗಾಗಿ ಹಂಚಿನ ಮೇಲೆ ಬಗ್ಗಿ, ಹಬೆ ಮುಖಕ್ಕೆ ಹೊಡೆಯದ ಹಾಗೆ ಕತ್ತು ಓರೆ ಮಾಡಿ, ಆ ಸಾಲಿನ ಕೊನೆಯ ಸ್ವರವನ್ನು ಹಾಗೇ ಹಿಡಿದುಕೊಂಡು ಸವರುತ್ತಿದ್ದಳು. ಬಟ್ಟೆ ವಾಪಸ್ ಬೋಗುಣಿಗೆ ಬಿದ್ದ ಮೇಲೆಯೇ ಸ್ವರ ಕೆಳಗೆ ಇಳಿಯುತ್ತಿತ್ತು. ನಾಲ್ಕನೆಯ ಸಾಲಿಗೆ ರೊಟ್ಟಿ ಮಗುಚುತ್ತಿತ್ತು, ಉಬ್ಬುತ್ತಿತ್ತು. ಮೊದಲ ಉಬ್ಬಿದ ರೊಟ್ಟಿ ನನಗೆ. ಅದಕ್ಕೆ ಶೇಂಗಾ ಚಟ್ನಿ, ಮೇಲೆ ಒಂದು ಚಮಚ ಎಣ್ಣೆ.

ಆ ಮೂರನೆಯ ಸಾಲಿನ ಸ್ವರದ ಮಾತು ಮತ್ತೆ ಬರುತ್ತದೆ.

ಮಾಸ್ತರು ಕೇಳಿದ ಪ್ರಶ್ನೆ

ಗದಗ ಅಂದರೆ ಸಂಗೀತದ ಊರು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು. ಭೀಮಸೇನ ಜೋಶಿಯವರ ಊರು. ನಮ್ಮ ಓಣಿಯ ತುದಿಯಲ್ಲಿ ಒಬ್ಬರು ಸಂಗೀತದ ಮಾಸ್ತರು ಇದ್ದರು. ಆಶ್ರಮದಲ್ಲಿ ಕಲಿತವರು, ಕಣ್ಣು ಕಾಣುತ್ತಿರಲಿಲ್ಲ. ಬೆಳಗ್ಗೆ ಮನೆ ಪಾಠಕ್ಕೆ ಹೋಗುವಾಗ ಒಬ್ಬ ಹುಡುಗನ ಹೆಗಲ ಮೇಲೆ ಕೈಯಿಟ್ಟು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು. ಒಂದು ದಿನ ನಿಂತರು. ಆಗ ನನಗೆ ಹತ್ತು ವರ್ಷ ಇರಬೇಕು.

‘ಯಾರವಾ ಒಳಗ ಹಾಡೋರು?’

ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ‘ನಾನ್ರೀ ಮಾಸ್ತರ.’

‘ದಿನಾ ಕೇಳ್ತೀನಿ ತಂಗಿ. ಸ್ವರ ಚೊಕ್ಕ ಅದಾವ. ಆದ್ರ ಇದು ಯಾವ ರಾಗ ಅಂತ ತಿಳೀವಲ್ದು. ಎಲ್ಲಿಂದ ಹೊಂಟತಿ, ಎಲ್ಲಿಗೆ ಹೋಗತತಿ ಗೊತ್ತಾಗವಲ್ದು.’

ಅಕ್ಕ ನಕ್ಕಳು. ‘ಇದು ಅರ್ಧಾ ಐತ್ರೀ. ಉಳಿದರ್ಧಾ ಈಂವ ಹಾಡ್ತಾನ ನೋಡ್ರಿ.’ ನನ್ನನ್ನು ಮುಂದಕ್ಕೆ ತಳ್ಳಿ, ‘ತಮ್ಮಾ, ಮ್ಯಾಲಿನ ದನಿ ಹಿಡಿ’ ಅಂದಳು.

ನಾನು ರಾಗ ಹಿಡಿದೆ, ಅಕ್ಕ ಕೆಳಗಿನ ದನಿ ಹಿಡಿದಳು. ಕಟ್ಟೆಯ ಮೇಲೆ ನಿಂತು ಒಂದು ಚರಣ ಹಾಡಿದೆವು. ಮಾಸ್ತರು ತಲೆಯನ್ನು ಸ್ವಲ್ಪ ಬಗ್ಗಿಸಿ, ಒಂದು ಕಿವಿಯನ್ನು ನಮ್ಮ ಕಡೆ ತಿರುಗಿಸಿ ನಿಂತಿದ್ದರು. ಮುಗಿದ ಮೇಲೆ ಏನೂ ಅನ್ನಲಿಲ್ಲ. ‘ಇನ್ನೊಂದ್ಸಲ’ ಅಂದರು. ಇನ್ನೊಂದು ಸಲ ಹಾಡಿದೆವು. ಒಳಗೆ ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬರುತ್ತಿತ್ತು. ಅಕ್ಕ ಅಲುಗಲಿಲ್ಲ.

‘ನಮ್ಮ ತಂಬೂರಿ ಒಂದ ಕಡೆ ಕೂತು ಸ್ವರ ಕೊಡತತಿ. ನಿಮ್ಮದು ತಂಬೂರಿ ಎದ್ದು ಹಾಡಿನ ಜೋಡಿ ನಡದಂಗ ಐತಿ’ ಅಂದರು ಮಾಸ್ತರು.

ಆ ಮಾತು ಅಕ್ಕನಿಗೆ ಬಹಳ ಹಿಡಿಸಿತು. ಎಷ್ಟೋ ವರ್ಷ ಅದನ್ನು ಹೇಳಿಕೊಂಡು ಓಡಾಡಿದಳು. ಆಮೇಲೆ ಮಾಸ್ತರು ಆ ದಾರಿಯಲ್ಲಿ ಹೋಗುವಾಗ ಒಮ್ಮೊಮ್ಮೆ ಕೋಲಿನಿಂದ ನಮ್ಮ ಕಟ್ಟೆ ತಟ್ಟುತ್ತಿದ್ದರು, ಅಕ್ಕ ಒಳಗಿನಿಂದಲೇ ದನಿ ಸ್ವಲ್ಪ ಎತ್ತರಿಸುತ್ತಿದ್ದಳು. ನನ್ನ ಅಕ್ಕ ಹೇಗಿದ್ದಳು ಅಂತ ಯಾರಾದರೂ ಕೇಳಿದರೆ ನನಗೆ ಮಾಸ್ತರ ಆ ಮಾತಿಗಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಅವ್ವನ ಪಾಳಿ, ಅಪ್ಪನ ಕೋಪ, ನನ್ನ ಶಾಲೆ, ಆಮೇಲೆ ಅವಳ ಗಂಡ, ಇಬ್ಬರು ಗಂಡುಮಕ್ಕಳು, ಸಂಡೇ ಸ್ಕೂಲಿನ ಮಕ್ಕಳು. ಎಲ್ಲರ ಜೊತೆಗೂ ಅವಳು ಹಾಗೇ ನಡೆದಳು.

ಕಾಯರ್ ಬೆಂಚು

ಚರ್ಚಿನ ಕಾಯರ್ ನಡೆಸುತ್ತಿದ್ದವರನ್ನು ನಾವೆಲ್ಲ ಕಾಯರ್ ಅಜ್ಜ ಅಂತಿದ್ದೆವು. ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮುಂದೆ ಕೂತು, ಬೆರಳು ಒಂದು ಕೆಲಸ ಮಾಡುವಾಗ ಕಣ್ಣಿನಿಂದ ನಮ್ಮನ್ನು ಬಯ್ಯುತ್ತಿದ್ದರು. ದನಿ ಒಡೆಯದ ಹುಡುಗನಾಗಿದ್ದಾಗ ನಾನೂ ಆಲ್ಟೊ ಬೆಂಚಿನಲ್ಲಿ ಅಕ್ಕನ ಪಕ್ಕ ನಿಲ್ಲುತ್ತಿದ್ದೆ. ಅಕ್ಕನ ನೋಟುಪುಸ್ತಕದಲ್ಲಿ ಡೊ, ರೆ, ಮಿ ಅಂತ ಕನ್ನಡದಲ್ಲೇ ಸ್ವರ ಬರೆದಿರುತ್ತಿದ್ದಳು. ನಾನು ಅದನ್ನು ನೋಡುತ್ತಿರಲಿಲ್ಲ. ಅವಳ ಕಿರುಬೆರಳು ನನ್ನ ಅಂಗೈಯಲ್ಲಿ ಇರುತ್ತಿತ್ತು. ಸ್ವರ ಮೇಲೆ ಹೋಗಬೇಕಾದಾಗ ಅದನ್ನು ಎತ್ತುತ್ತಿದ್ದಳು, ಇಳಿಯುವಾಗ ಒತ್ತುತ್ತಿದ್ದಳು. ಹೊರಗಿನವರಿಗೆ ಅಕ್ಕ ತಮ್ಮ ಕೈ ಹಿಡಿದುಕೊಂಡು ನಿಂತಿದ್ದಾರೆ ಅಂತಷ್ಟೇ ಕಾಣುತ್ತಿತ್ತು.

ಆ ಇಷ್ಟದ ಹಾಡಿನ ಮೂರನೆಯ ಸಾಲಿನ ಕೊನೆಯಲ್ಲಿ ಪುಸ್ತಕದ ಪ್ರಕಾರ ನಾಲ್ಕೂ ದನಿ ಒಟ್ಟಿಗೆ ಇಳಿಯಬೇಕು. ಅಕ್ಕ ಇಳಿಯುತ್ತಿರಲಿಲ್ಲ. ಎಲ್ಲರೂ ಇಳಿದ ಮೇಲೆ ಒಂದು ಕ್ಷಣ ಮೇಲೆಯೇ ನಿಂತು, ಆಮೇಲೆ ಒಬ್ಬಳೇ ಇಳಿಯುತ್ತಿದ್ದಳು. ಆ ಒಂದು ಕ್ಷಣ ಹಾಡು ನೋಯುತ್ತಿತ್ತು. ಅವಳು ಇಳಿದ ಕೂಡಲೇ ಸಮಾಧಾನ ಆಗುತ್ತಿತ್ತು. ಕಾಯರ್ ಅಜ್ಜ ಪ್ರತಿ ಸಲ ಹಾರ್ಮೋನಿಯಂ ನಿಲ್ಲಿಸಿ, ‘ಪುಸ್ತಕದಾಗ ಹಂಗಿಲ್ಲವಾ’ ಅನ್ನುತ್ತಿದ್ದರು. ‘ಹೌದ್ರೀ ಅಜ್ಜಾ’ ಅನ್ನುತ್ತಿದ್ದಳು ಅಕ್ಕ. ಮುಂದಿನ ಭಾನುವಾರ ಮತ್ತೆ ಹಾಗೇ. ಹಟ ಅಂತ ಅಜ್ಜ ತಿಳಿದಿದ್ದರು. ಅದು ಎಲ್ಲಿಂದ ಬಂದ ಅಭ್ಯಾಸ ಅಂತ ನನಗೊಬ್ಬನಿಗೆ ಗೊತ್ತಿತ್ತು. ಹಂಚಿನ ಮೇಲೆ ನೀರು ಸವರುವಷ್ಟು ಹೊತ್ತು ಆ ಸ್ವರ ನಿಲ್ಲಬೇಕಿತ್ತು. ವರ್ಷಗಟ್ಟಲೆ ಹಾಗೆ ಹಾಡಿದ ಗಂಟಲು ಅದು.

ಹದಿನಾಲ್ಕಕ್ಕೆ ನನ್ನ ದನಿ ಒಡೆಯಿತು. ಅಜ್ಜ ನನ್ನನ್ನು ಹಿಂದಿನ ಬೆಂಚಿಗೆ, ಗಂಡಸರ ಕಡೆಗೆ ಕಳಿಸಿದರು. ಅವತ್ತು ಅಕ್ಕ ಒಂದು ಸಲ ಹಿಂದೆ ತಿರುಗಿ ನೋಡಿ, ಕಿರುಬೆರಳು ಎತ್ತಿ ತೋರಿಸಿದಳು.

ಅಳಬಾರದು ಅಂದದ್ದು

ಕಾಯಿಲೆಯ ವಿಷಯ ಉದ್ದ ಬರೆಯುವುದಿಲ್ಲ. ಕ್ಯಾನ್ಸರ್. ಎರಡು ವರ್ಷ. ಹುಬ್ಬಳ್ಳಿಗೆ ಕರೆದುಕೊಂಡು ಬರುವುದು, ಬೆಡ್ಡಿಗೆ ಕಾಯುವುದು, ಮತ್ತೆ ಗದಗಿಗೆ ಹೋಗುವುದು. ನಾನು ಹುಬ್ಬಳ್ಳಿಯಲ್ಲೇ ರೈಲ್ವೆಯಲ್ಲಿ ಕೆಲಸದಲ್ಲಿದ್ದುದರಿಂದ ಅವಳು ನಮ್ಮ ಮನೆಯಲ್ಲಿ ಇರುವ ಹಾಗಾಯಿತು, ಅದೊಂದು ಪುಣ್ಯ. ಕೊನೆಕೊನೆಗೆ ಹಾಡಲು ಆಗುತ್ತಿರಲಿಲ್ಲ. ತುಟಿ ಮುಚ್ಚಿಕೊಂಡು ಗುನುಗುತ್ತಿದ್ದಳು. ಆಗಲೂ ಆಲ್ಟೊ. ಫೆಬ್ರುವರಿಯ ಒಂದು ಬೆಳಗ್ಗೆ ಬೆಟಗೇರಿಯ ಮನೆಯಲ್ಲಿ ಹೋದಳು. ನಲವತ್ತೆಂಟು ವಯಸ್ಸು.

ಮಣ್ಣಿನ ದಿನ ಚರ್ಚಿನಲ್ಲಿ ಅವಳ ಇಷ್ಟದ ಹಾಡನ್ನೇ ಹಾಡಿದರು. ಆಲ್ಟೊ ಬೆಂಚಿನ ಹೆಣ್ಣುಮಕ್ಕಳು ಅಳುತ್ತಿದ್ದರು, ಅವರ ದನಿಯೇ ಹೊರಡಲಿಲ್ಲ. ಮೇಲಿನ ರಾಗ ಕೇಳಿಸುತ್ತಿತ್ತು, ತಳದ ಬೇಸ್ ಕೇಳಿಸುತ್ತಿತ್ತು. ನಡುವೆ ಒಂದು ತೂತು. ಮೂರನೆಯ ಸಾಲಿನ ಕೊನೆಗೆ ಎಲ್ಲರೂ ಪುಸ್ತಕದಲ್ಲಿ ಇದ್ದ ಹಾಗೆ ಒಟ್ಟಿಗೆ ಇಳಿದರು. ನನಗೆ ಅಕ್ಕ ಹೋದದ್ದು ಗೊತ್ತಾಗಿದ್ದು ಆ ಕ್ಷಣ. ಬಾಯಿಗೆ ಕರವಸ್ತ್ರ ಒತ್ತಿಕೊಂಡೆ. ಆಮೇಲೆ ಗೋರಿಯ ಹತ್ತಿರ ಒಬ್ಬ ಹಿರಿಯರು ನನ್ನ ಭುಜ ಹಿಡಿದು ಆ ಮಾತು ಹೇಳಿದರು. ಅಳಬಾರದು, ದೇವರ ಚಿತ್ತ, ಆಕೆ ಸ್ವಾಮಿಯ ಹತ್ತಿರ ಇದ್ದಾಳೆ.

ಆ ಮಾತು ಸುಳ್ಳು ಅಂತ ನನಗೆ ಆಗಲೂ ಅನಿಸಲಿಲ್ಲ. ಅವಳು ಸ್ವಾಮಿಯ ಹತ್ತಿರ ಇದ್ದಾಳೆ ಅಂತಲೇ ನಂಬಿದ್ದೆ. ಆದರೆ ನಂಬಿದ ಮೇಲೂ ಎದೆ ಒಡೆಯುತ್ತಿದೆಯಲ್ಲ, ಹಾಗಾದರೆ ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇರಬೇಕು ಅಂತ ಮನಸ್ಸು ಹೇಳಲು ಶುರುಮಾಡಿತು. ಸತ್ತವರಿಗಾಗಿ ಅಳುವುದು ಒಂದು ನೋವು. ಅತ್ತದ್ದಕ್ಕೆ ದೇವರ ಮುಂದೆ ನಾಚಿಕೊಳ್ಳುವುದು ಅದರ ಮೇಲೆ ಇನ್ನೊಂದು. ಈ ಎರಡನೆಯದನ್ನು ಯಾರ ಮೇಲೂ ಹೊರಿಸಬಾರದು. ನಾನು ಚರ್ಚಿಗೆ ಹೋಗುವುದು ಕಡಿಮೆ ಮಾಡಿದೆ. ಹೋದರೂ ಹಾಡು ಬಂದಾಗ ಎದ್ದು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲುತ್ತಿದ್ದೆ.

ಆ ಹಿರಿಯರು ಹೇಳುವ ಮಾತಿನ ಬೇರು ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಪೌಲನ ಪತ್ರದಲ್ಲಿದೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯ. ಅದನ್ನು ಈಗ ಎಷ್ಟೋ ಸಲ ಓದಿದ್ದೇನೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ ಪೌಲ ಬರೆಯುತ್ತಾನೆ. ನಿರೀಕ್ಷೆ ಇಲ್ಲದವರ ಹಾಗೆ, ಅಷ್ಟೇ. ದುಃಖವನ್ನೇ ಪಡಬೇಡಿ ಅಂತ ಅಲ್ಲಿ ಇಲ್ಲ. ನಾವು ಆ ವಾಕ್ಯದ ಅರ್ಧ ಇಟ್ಟುಕೊಂಡು ಅರ್ಧ ಬಿಟ್ಟಿದ್ದೇವೆ.

ಅವ್ವ ನಿಲ್ಲಿಸಿದ ಸಾಲು

ಅಕ್ಕ ಹೋದ ಮೇಲೆ ತಿಂಗಳಿಗೆ ಎರಡು ಸಲವಾದರೂ ಗದಗಿಗೆ ಹೋಗುತ್ತಿದ್ದೆ. ಪ್ಯಾಸೆಂಜರ್ ರೈಲು. ಕುಸುಗಲ್ಲು, ಅಣ್ಣಿಗೇರಿ, ಹುಲಕೋಟಿ. ಎರಡೂ ಕಡೆ ಎರೆಹೊಲ. ಅವ್ವನಿಗೆ ಕಣ್ಣು ಮಂಜಾಗಿತ್ತು. ರಾತ್ರಿ ಊಟ ಆದ ಮೇಲೆ ಸತ್ಯವೇದ ಓದಿ ಹೇಳಬೇಕಿತ್ತು. ಮೊದಲು ಅದು ಅಕ್ಕನ ಕೆಲಸ. ನಾನು ಅರ್ಥ ಕಿವಿಗೆ ಬೀಳದ ಹಾಗೆ, ಅವ್ವನಿಗಾಗಿ ಸುಮ್ನೆ ಓದುತ್ತಿದ್ದೆ.

ಡಿಸೆಂಬರಿನ ಒಂದು ರಾತ್ರಿ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ಬಂತು, ಸತ್ತ ಲಾಜರನನ್ನು ಯೇಸು ಎಬ್ಬಿಸುವ ಕಥೆ. ಬೇಥಾನ್ಯದ ಲಾಜರ, ಅವನ ಒಡಹುಟ್ಟಿದ ಮಾರ್ಥ, ಮರಿಯ. ಇವರಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಮೂಲದಲ್ಲಿ ಹೇಳಿಲ್ಲ. ಚಿಕ್ಕಂದಿನಿಂದ ನಾನು ಮಾರ್ಥಳನ್ನು ಅಕ್ಕ ಅಂತಲೇ ತಿಳಿದಿದ್ದೆ. ಮನೆಗೆ ಬಂದವರಿಗೆಲ್ಲ ಅಡುಗೆ ಮಾಡುವವಳು ಅಕ್ಕ ಆಗಿರದೆ ಇನ್ಯಾರು ಆಗಿರುತ್ತಾರೆ, ಅಲ್ವಾ?

ಲಾಜರನಿಗೆ ಹುಷಾರಿಲ್ಲ ಅಂತ ಸುದ್ದಿ ಬಂದರೂ ಯೇಸು ಇದ್ದ ಜಾಗದಲ್ಲೇ ಇನ್ನೂ ಎರಡು ದಿನ ಉಳಿಯುತ್ತಾನೆ. ಬರುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿದೆ. ಮಾರ್ಥ ಊರ ಹೊರಗೆ ದಾರಿಗೆ ಹೋಗಿ ನಿಂತು ಹೇಳುತ್ತಾಳೆ, ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ಆಮೇಲೆ ಮರಿಯಳೂ ಅದೇ ಮಾತು ಹೇಳುತ್ತಾಳೆ. ನಾಲ್ಕು ದಿನ ಆ ಮನೆಯಲ್ಲಿ ಇಬ್ಬರೂ ಅದೊಂದೇ ಮಾತು ಆಡಿಕೊಂಡಿರಬೇಕು. ನಮ್ಮ ಮನೆಯಲ್ಲೂ ಆಡಿದ್ದೆವು. ಮೊದಲೇ ತೋರಿಸಿದ್ದರೆ, ಆಗಲೇ ಹುಬ್ಬಳ್ಳಿಗೆ ಹೋಗಿದ್ದರೆ.

ಸಮಾಧಿಯ ಕಲ್ಲು ತೆಗೆಯಿರಿ ಅಂದಾಗ ಮಾರ್ಥ, ಈಗ ನಾತ ಹುಟ್ಟಿರುತ್ತದೆ ಅನ್ನುತ್ತಾಳಲ್ಲ, ಆ ಮಾತು ಮುಂದೆ ಬರುತ್ತದೆ ಅಂತ ಅವ್ವನಿಗೆ ಗೊತ್ತಿತ್ತು. ನಾನು ಓದುವ ಮೊದಲೇ, ‘ಖರೇ ಹೇಳ್ತಾಳ ಆಕಿ. ಮನಿ ಸಂಭಾಳಿಸಿದ ಹೆಣ್ಮಗಳು. ನಾಕು ದಿನ ಅಂದ್ರ ಏನಂತ ನನಗೊತ್ತು’ ಅಂದಳು. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು. ನಾನು ಓದುತ್ತಾ ಹೋದೆ. ಮರಿಯ ಅಳುವುದನ್ನು ನೋಡಿ, ಜೊತೆಗೆ ಬಂದವರು ಅಳುವುದನ್ನು ನೋಡಿ, ಯೇಸು ಮನಸ್ಸಿನಲ್ಲಿ ನೊಂದು, ಅವನನ್ನು ಎಲ್ಲಿ ಇಟ್ಟಿದ್ದೀರಿ ಅಂತ ಕೇಳುತ್ತಾನೆ. ಆಮೇಲೆ ಆ ಚಿಕ್ಕ ವಚನ. ಯೇಸು ಕಣ್ಣೀರು ಬಿಟ್ಟನು.

‘ನಿಲ್ಲು’ ಅಂದಳು ಅವ್ವ. ‘ಮತ್ತ ಓದು ಅದನ್ನ.’

ಮತ್ತೆ ಓದಿದೆ. ಅವ್ವ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೊಣಕಾಲ ಮೇಲೆ ಅಕ್ಕನ ಹಳೆಯ ಶಾಲು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು.

‘ಎಬ್ಬಸತೀನಿ ಅಂತ ಆತಗ ಗೊತ್ತಿತ್ತು. ಈಗ ಇನ್ನೊಂದು ತಾಸಿಗೆ ಎಬ್ಬಸಾಂವ. ಆದ್ರೂ ಅತ್ತ ನೋಡು.’

ನನ್ನ ಕೈಯಲ್ಲಿದ್ದ ಪುಸ್ತಕದ ಅಕ್ಷರ ಕಲಸಿಹೋಯಿತು. ಹತ್ತು ತಿಂಗಳಿಂದ ಗಂಟಲಲ್ಲಿ ಇದ್ದದ್ದು ಬಂತು. ತಡೆಯಲಿಲ್ಲ. ಅವ್ವನೂ ಅತ್ತಳು. ಇಬ್ಬರೂ ದನಿ ತೆಗೆದೇ ಅತ್ತೆವು, ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ ಏನಾಯಿತು ಅಂತ ಕೇಳುವಷ್ಟು. ಅವ್ವ ಒಳಗಿನಿಂದಲೇ, ‘ಏನಿಲ್ಲವಾ, ಮಗಳ ನೆನಪಾತು’ ಅಂದಳು.

ನನಗೆ ಸಿಕ್ಕಿದ ಸಮಾಧಾನ ಏನು ಅಂದರೆ ಅದು. ಸಾವಿನ ಮುಂದೆ ಹೇಗೆ ನಿಲ್ಲಬೇಕು ಅಂತ ಪೂರ್ತಿ ತಿಳಿದ ಒಬ್ಬನೇ ಒಬ್ಬ ಅಲ್ಲಿ ನಿಂತು ಅತ್ತಿದ್ದಾನೆ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದೂ ಅತ್ತಿದ್ದಾನೆ. ಹಾಗಾದರೆ ನಂಬಿಕೆಯೂ ಕಣ್ಣೀರೂ ಒಂದೇ ಮುಖದಲ್ಲಿ ಇರಬಹುದು.

ಲಾಜರ ಎದ್ದು ಬಂದ, ಅಕ್ಕ ಬರಲಿಲ್ಲ. ಈ ಮಾತನ್ನು ದಾಟಿಕೊಂಡು ಹೋಗಲು ನನಗೆ ಆಗುವುದಿಲ್ಲ. ಎಷ್ಟೋ ರಾತ್ರಿ ಅದನ್ನೇ ಹಿಡಿದು ಕೂತಿದ್ದೇನೆ. ಆದರೆ ಆ ಅಧ್ಯಾಯವನ್ನು ನಿಧಾನಕ್ಕೆ ಓದಿದರೆ ಒಂದು ಕಾಣುತ್ತದೆ. ನಾನೇ ಪುನರುತ್ಥಾನವೂ ಜೀವವೂ ಅಂತ ಯೇಸು ಹೇಳಿದ್ದು ಸಮಾಧಿ ತೆರೆದ ಮೇಲೆ ಅಲ್ಲ. ಅದಕ್ಕೂ ಮೊದಲು, ದಾರಿಯಲ್ಲಿ, ಮಾರ್ಥಳಿಗೆ. ಇದನ್ನು ನಂಬುತ್ತೀಯಾ ಅಂತ ಕೇಳಿದ. ಹೌದು ಅಂದಳು. ಆಗ ಏನೂ ಬದಲಾಗಿರಲಿಲ್ಲ. ಕಲ್ಲು ಅಲ್ಲೇ ಇತ್ತು, ತಮ್ಮ ಒಳಗೇ ಇದ್ದ. ಬಯ್ದ ಬಾಯಿಯಲ್ಲೇ, ಅತ್ತ ಕಣ್ಣಲ್ಲೇ ಅವಳು ಹೌದು ಅಂದಳು. ಲಾಜರ ಹೊರಗೆ ಬಂದ ಕ್ಷಣದಲ್ಲಿ ನನಗೆ ಪಾಲಿಲ್ಲ. ಮಾರ್ಥ ನಿಂತ ಆ ದಾರಿಯಲ್ಲಿ ನನಗೂ ನಿಲ್ಲಲು ಜಾಗ ಇದೆ.

ಒಂದು ಸ್ಥಾಯಿ ಕೆಳಗೆ

ಮುಂದಿನ ಭಾನುವಾರ ಹುಬ್ಬಳ್ಳಿಯ ಚರ್ಚಿನಲ್ಲಿ ಹಾಡು ಬಂದಾಗ ಹೊರಗೆ ಹೋಗಲಿಲ್ಲ. ಗಂಡಸರ ಕಡೆ ಹಿಂದಿನ ಬೆಂಚಿನಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಬಂದದ್ದು ಟೆನರ್ ಅಲ್ಲ. ಅಕ್ಕನ ಆಲ್ಟೊ. ಅವಳು ಹಾಡುತ್ತಿದ್ದಷ್ಟು ಎತ್ತರಕ್ಕೆ ನನ್ನ ದನಿ ಹೋಗುವುದಿಲ್ಲ, ಹಾಗಾಗಿ ಅದೇ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಹಿಡಿದೆ. ಹದಿನಾಲ್ಕಕ್ಕೆ ಬಿಟ್ಟ ದನಿ. ಒಂದು ಸ್ವರವೂ ಮರೆತಿರಲಿಲ್ಲ. ಅಂಗೈಯಲ್ಲಿ ಕಿರುಬೆರಳು ಎಲ್ಲಿ ಎತ್ತುತ್ತಿತ್ತು, ಎಲ್ಲಿ ಒತ್ತುತ್ತಿತ್ತು ಅನ್ನುವುದು ಕೈಗೆ ನೆನಪಿತ್ತು. ಮಧ್ಯೆ ಎರಡು ಸಲ ದನಿ ಕಟ್ಟಿತು. ಬಿಟ್ಟ ಜಾಗದಿಂದ ಮತ್ತೆ ಹಿಡಿದೆ.

ಅಂದಿನಿಂದ ಹಾಗೇ ಹಾಡುತ್ತಿದ್ದೇನೆ. ಪಕ್ಕದಲ್ಲಿ ನಿಂತವರಿಗೆ ವಿಚಿತ್ರ ಅನಿಸುತ್ತಿರಬಹುದು. ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಪರಿಶುದ್ಧರ ಅನ್ಯೋನ್ಯತೆಯನ್ನು ನಂಬುತ್ತೇನೆ ಅಂತ ಎಲ್ಲರೂ ಹೇಳುತ್ತೇವೆ. ಬದುಕಿರುವವರು, ಹೋದವರು, ಎಲ್ಲರೂ ಒಂದೇ ಸಭೆ ಅಂತ. ಮೊದಲು ಅದು ನನಗೆ ಬಾಯಿಪಾಠದ ಸಾಲು. ಈಗ ಅದನ್ನು ಹೇಳುವಾಗ ನನಗೆ ಒಂದು ಕಟ್ಟೆ ಕಾಣುತ್ತದೆ. ಮಾಸ್ತರು ಕಿವಿಗೊಟ್ಟು ನಿಂತಿದ್ದಾರೆ, ಅರ್ಧ ಹಾಡು ಇಲ್ಲಿದೆ, ಉಳಿದರ್ಧ ಒಳಗಿದೆ.

ಈ ವರ್ಷದ ಈಸ್ಟರ್

ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ಸ್ಮಶಾನದಲ್ಲಿ ಆರಾಧನೆ. ಈ ವರ್ಷ ಬೆಟಗೇರಿಗೆ ಹೋಗಿದ್ದೆ. ಹಿಂದಿನ ದಿನ ಅಕ್ಕನ ಮಕ್ಕಳ ಜೊತೆ ಹೋಗಿ ಗೋರಿಗೆ ಸುಣ್ಣ ಹಚ್ಚಿದೆವು. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಕಲ್ಲು ಪ್ರತಿ ವರ್ಷ ಒಂದು ಕಡೆ ವಾಲುತ್ತದೆ. ದೊಡ್ಡ ಮಗ ಹಾರೆ ಹಾಕಿ ಎತ್ತಿದ, ಚಿಕ್ಕವನು ಬಿರುಕಿಗೆ ಮಣ್ಣು ತುಂಬಿದ. ಮಾವ, ಅಕ್ಕನ ಗಂಡ, ದೂರದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದರು. ಬೇವು ಹೂ ಬಿಟ್ಟಿತ್ತು.

ಬೆಳಗ್ಗೆ ಐದಕ್ಕೆ ಎಲ್ಲರ ಕೈಯಲ್ಲೂ ಮೇಣದಬತ್ತಿ. ಗೋರಿಗಳ ನಡುವೆ ಜಾಗ ಸಿಕ್ಕಲ್ಲಿ ನಿಂತಿದ್ದರು. ಕಾಯರ್ ಅಜ್ಜ ಈಗಿಲ್ಲ, ಅವರ ಗೋರಿಯೂ ಅಲ್ಲೇ ಎರಡು ಸಾಲು ಆಚೆ. ಕಾಯರಿನಲ್ಲಿ ಹೊಸ ಮುಖಗಳೇ ಜಾಸ್ತಿ. ಆಲ್ಟೊ ಸಾಲಿನಲ್ಲಿ ಹನ್ನೆರಡು ಹದಿಮೂರು ವರ್ಷದ ಮೂರು ಹುಡುಗಿಯರು. ಅಕ್ಕ ಹೋದಾಗ ಅವರಿಗೆ ಆರೇಳು ವರ್ಷ ಇದ್ದಿರಬೇಕು. ಹಾರ್ಮೋನಿಯಂ ಇರಲಿಲ್ಲ, ಯಾರೋ ಒಬ್ಬರು ಸ್ವರ ಕೊಟ್ಟರು. ಅಕ್ಕನ ಹಾಡು ಶುರುವಾಯಿತು.

ನಾನು ಅವಳ ಕಲ್ಲಿನ ಪಕ್ಕ ನಿಂತು ಕೆಳಗಿನ ಸ್ಥಾಯಿಯಲ್ಲಿ ಹಿಡಿದೆ. ಮೂರನೆಯ ಸಾಲು ಬಂತು. ನಾನು ಆ ಸ್ವರದ ಮೇಲೆ ನಿಂತೆ. ಎಲ್ಲರೂ ಇಳಿದರು. ಇಳಿಯದೆ ಉಳಿದದ್ದು ನಾನೊಬ್ಬನೇ ಅಲ್ಲ. ಆ ಮೂರು ಹುಡುಗಿಯರೂ ಮೇಲೆಯೇ ನಿಂತಿದ್ದರು. ಒಂದು ಬಟ್ಟೆ ರೊಟ್ಟಿಯ ಸುತ್ತ ಬಂದು ಬೋಗುಣಿಗೆ ಬೀಳುವಷ್ಟು ಹೊತ್ತು. ಆಮೇಲೆ ಇಳಿದರು. ಎರಡನೆಯ ಚರಣದಲ್ಲೂ ಹಾಗೇ. ಮೂರನೆಯದರಲ್ಲೂ.

ಆರಾಧನೆ ಮುಗಿದು ಚಹಾ ಕೊಡುವಾಗ ಆ ಹುಡುಗಿಯರಲ್ಲಿ ಒಬ್ಬಳ ಹತ್ತಿರ ಹೋದೆ. ‘ಮೂರನೇ ಸಾಲಿನ ಕಡೀಕ ಒಂಚೂರು ಎಳೀತೀರಲ್ಲವಾ, ಯಾರು ಕಲಿಸಿದ್ರು?’ ಅಂತ ಕೇಳಿದೆ.

ಅವಳು ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು. ‘ಅದು ಇರೋದ ಹಂಗ ಐತ್ರೀ ಅಂಕಲ್’ ಅಂದಳು.

ಹೌದವಾ ಅಂದೆ.